ಪೂಜೆಗಿಟ್ಟ ಸೈಕಲ್ಲು

ಹೆದರುವುದಕ್ಕೆ ರತ್ನಾವತಿಗೆ ಕಾರಣವೇ ಬೇಕಿರಲಿಲ್ಲ. ಎಗ್ಮೋರಿನ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ಗಂಡ ಬಾಬು ಸ್ವಲ್ಪ ತಡವಾಗಿ ಬಂದರೆ ಬಸ್ಸಿನಡಿಗೇ ಹೋದರು ಎಂದು ಅವಳ ತೀರ್ಮಾನ. ಕುಕ್ಕರು ಸೀಟಿ ಹಾಕಲು ಅನುಮಾನಿಸಿದರೆ ಅಡುಗೆಮನೆಯಿಂದ ಹೊರಗೆ ಓಟ. ಇಂಥವಳ ಹೊಟ್ಟೆಯಲ್ಲಿ ವೀಕ್ಷಾ ಹುಟ್ಟಿದ್ದು ದೇವರ ತಮಾಷೆಯೇ ಸರಿ. ಪುರಸೈವಾಕ್ಕಂನ ಜನಜಂಗುಳಿಯಲ್ಲಿ, ಸೀರೆ ಅಂಗಡಿಗಳ ಮುಂದೆ, ಆ ಹುಡುಗಿ ಚಿಕ್ಕಂದಿನಲ್ಲೇ ಎರಡೂ ಕೈ ಬಿಟ್ಟು ಸೈಕಲ್ ಓಡಿಸಿದವಳು. ಈಗ ದುಡಿಯುವ ಹುಡುಗಿ. ಸಂಬಳ ಕೂಡಿಟ್ಟು ಮನೆಗೆ ತಂದದ್ದೇನು ಅಂದರೆ, ಮತ್ತೊಂದು ಸೈಕಲ್. ಬೆಟ್ಟ ಇಳಿಯುವ ಸೈಕಲ್ಲಂತೆ.

"ಇದಕ್ಕೆ ಹಾರ್ಡ್‌ಟೇಲ್ ಅಂತಾರೆ ಮ್ಮಾ. ಮುಂದೆ ಮಟ್ಟುಂ ಸ್ಪ್ರಿಂಗು, ಹಿಂದೆ ಇಲ್ಲ," ಎಂದು ಮಗಳು ತನ್ನ ತಮಿಳು ಬೆರೆತ ಕನ್ನಡದಲ್ಲಿ ವಿವರಿಸಿದಳು.

"ಹಿಂದೆ ಯಾಕಿಲ್ಲ? ಬಿದ್ರೆ ಸೊಂಟಕ್ಕಲ್ವಾ ಪೆಟ್ಟಾಗುದು?"

"ಬಿದ್ರೆ ತಾನೇ ಮ್ಮಾ," ಅಂದಳು ವೀಕ್ಷಾ.

ನವರಾತ್ರಿಯ ರಜೆಗೆ ಬೆಟ್ಟಗಳ ಕಡೆಗೆ ಹೋಗುವುದೆಂದು ತೀರ್ಮಾನವಾಯಿತು. ಕಾರಿನ ತಲೆಯ ಮೇಲೆ ಸೈಕಲ್ ಕಟ್ಟುವುದು, ಮೊದಲು ಯಳಗಿರಿ, ಆಮೇಲೆ ಜವ್ವಾದು, ಕೊನೆಗೆ ಕೊಲ್ಲಿಮಲೈ. ಮೇಲೆ ಹೋಗಲು ಕಾರು, ಕೆಳಗಿಳಿಯಲು ಸೈಕಲ್. ಜೊತೆಗೆ ಎದುರುಮನೆಯ ಸಾಯಿ ಮತ್ತು ಅವನ ಅಕ್ಕ ಶ್ರೀಯಾ. ಅವರ ಅಪ್ಪ ಕೃಷ್ಣಮೂರ್ತಿ ರೈಲ್ವೆಯಲ್ಲಿ ಗಾರ್ಡು, ಅಮ್ಮ ಸೀತಾ ಮೈಸೂರು ಕಡೆಯವರು. ಸಾಯಿಯ ಕಾರು, ಸಾಯಿಯೇ ಡ್ರೈವರು. ಪ್ರತಿ ಸಂಜೆ ರತ್ನಾವತಿಯ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಮೂವರೂ ಕೂರುತ್ತಿದ್ದರು. ಅವಳು ಗೋಳಿಬಜೆ ಬಡಿಸುತ್ತ ಕಿವಿ ಅಲ್ಲೇ ಇಟ್ಟಿರುತ್ತಿದ್ದಳು. ಇಲ್ಲಿ ಬರೀ ಸಡಿಲ ಕಲ್ಲು ಅನ್ನುವರು, ಇಲ್ಲಿ ಎಡಕ್ಕೆ ಪ್ರಪಾತ ಅನ್ನುವರು, ಅಂದು ನಗುವರು ಬೇರೆ. ಮಾತು ಕೇಳಿ ಕೇಳಿ ರಾತ್ರಿ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಹೋಗಬೇಡ ಅಂದರೆ ಕೇಳುವ ಜಾತಿಯಲ್ಲ. ಅದಕ್ಕೆ ರತ್ನಾವತಿ ಎರಡು ಷರತ್ತು ಹಾಕಿದಳು. ಬೆಳಗಿನ ತಿಂಡಿಯನ್ನು ಯಳಗಿರಿಯ ದಾರಿಯಲ್ಲಿರುವ ವಾಣಿಯಂಬಾಡಿಯಲ್ಲಿ, ಬಾಬುವಿನ ಚಿಕ್ಕಪ್ಪನ ಮಗ ಸದಾನಂದನ ಹೋಟೆಲಿನಲ್ಲೇ ತಿನ್ನಬೇಕು. ಹೋದರು, ತಿಂದರು ಎಂದು ಅವನಿಂದ ತನಗೆ ಸುದ್ದಿ ಬರುತ್ತದೆ. ಎರಡನೆಯದು, ಸೈಕಲ್ಲನ್ನು ಆಯುಧಪೂಜೆಗೆ ಇಡಬೇಕು. ಇಟ್ಟ ಮೇಲೆ ವಿಜಯದಶಮಿಯ ಬೆಳಗಿನವರೆಗೆ ಯಾರೂ ಅದನ್ನು ಮುಟ್ಟಬಾರದು, ಓಡಿಸಬಾರದು.

"ಆಯ್ತು. ಆದ್ರೆ ಹ್ಯಾಂಡಲಿಗೆ ಒಂದು ಕುಂಕುಮ ಇಟ್ರೆ ಸಾಕು. ಬೇರೆಲ್ಲೂ ಕೈ ವಚ್ಚಬೇಡ ಮ್ಮಾ," ಎಂದಳು ವೀಕ್ಷಾ.

"ಆಯ್ತು ಮಾರಾಯ್ತಿ," ಎಂದಳು ರತ್ನಾವತಿ.

ಮಗಳು ಸಾಯಿಯ ಜೊತೆ ಕಾರಿನ ಕ್ಯಾರಿಯರ್ ತರಲು ಹೋದಾಗ ಅವಳು ಪೂಜೆಗೆ ಕೂತಳು. ರುಬ್ಬುವ ಯಂತ್ರ, ಈಳಿಗೆಮಣೆ, ಬಾಬುವಿನ ಸ್ಕೂಟರು, ಎಲ್ಲದಕ್ಕೂ ಗಂಧ, ಕುಂಕುಮ, ಹೂವು. ಊರಿನಲ್ಲಿ ಅವಳ ಅಮ್ಮ ಕತ್ತಿ, ಹಾರೆಗಳಿಗೆ ತೆಂಗಿನೆಣ್ಣೆ ಸವರಿ ಇಡುತ್ತಿದ್ದಳು, ಅವಳೂ ಹಾಗೆಯೇ. ಸೈಕಲ್ಲಿನ ಮುಂದೆ ಬಂದಾಗ ಒಂದು ಬೊಟ್ಟು ಕುಂಕುಮ ಸಾಲದು ಅನ್ನಿಸಿತು. ಈ ಸೈಕಲ್ಲೇ ಅಲ್ಲವೇ ಮಗಳನ್ನು ಪ್ರಪಾತದ ಪಕ್ಕ ಹೊತ್ತು ಹೋಗುವುದು? ಎರಡೂ ಚಕ್ರಗಳ ನಟ್ಟನಡುವೆ ಒಂದೊಂದು, ಚಪಾತಿಯಷ್ಟಗಲದ, ತೂತು ತೂತಿನ ಉಕ್ಕಿನ ಬಿಲ್ಲೆ ಫಳಫಳ ಹೊಳೆಯುತ್ತಿತ್ತು. ಅಲಂಕಾರಕ್ಕೆಂದು ಇಟ್ಟಿದ್ದಾರೆ ಅಂದುಕೊಂಡಳು. ಮಳೆಗಾಲ ಶುರುವಾಗುತ್ತಿದೆ, ತುಕ್ಕು ಹಿಡಿದೀತು. ಬಟ್ಟೆಯನ್ನು ತೆಂಗಿನೆಣ್ಣೆಯಲ್ಲಿ ಅದ್ದಿ, ಅಮ್ಮನವರ ಹೆಸರು ಹೇಳುತ್ತ, ಆ ಬಿಲ್ಲೆಗಳ ಎರಡೂ ಮಗ್ಗುಲಿಗೆ ನಯವಾಗಿ ಸವರಿದಳು. ಮನೆಯ ಯಾವ ವಸ್ತುವಿಗೂ ಅವಳು ಅಷ್ಟು ಭಕ್ತಿಯಿಂದ ಎಣ್ಣೆ ಹಚ್ಚಿರಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಮೂವರೂ ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿ ಹೊರಟುಹೋದರು.

ತಿಂಡಿಯ ಹೊತ್ತಿಗೆ ಸೀತಾ ಕಾಫಿ ಲೋಟ ಹಿಡಿದುಕೊಂಡೇ ಈಚೆ ಬಂದರು. ಅವರದು ತಣ್ಣಗಿನ ಜೀವ, ಯಾವುದಕ್ಕೂ ಅಳುಕಿದವರಲ್ಲ. "ಯಾಕ್ರೀ ರತ್ನಾ, ಮುಖ ಇಷ್ಟು ಮಾಡ್ಕೊಂಡಿದೀರಿ? ಏನೂ ಆಗಲ್ಲ ಬಿಡಿ. ನಮ್ಮ ಸಾಯಿಗಂತೂ ಬರೀ ಸ್ಟೀರಿಂಗ್ ತಿರುಗಿಸೋ ಕೆಲಸ. ಸೈಕಲ್ ಬಗ್ಗೆ ಮಾತ್ರ ಎಷ್ಟು ಜೋಪಾನ ಅಂತೀರಿ. ಮೊನ್ನೆ ಚಕ್ರದ ಮಧ್ಯ ಇದ್ಯಲ್ಲ, ಆ ತಟ್ಟೆ, ಅದಕ್ಕೆ ಸುಮ್ನೆ ಒಂದು ಬೆರಳಿಟ್ಟೆ. ಹೌಹಾರಿಬಿಟ್ಟ ಕಣ್ರೀ. ಬ್ರೇಕು ಹಿಡಿಯೋದೇ ಆ ತಟ್ಟೇನಂತೆ. ಬೆರಳಿನ ಜಿಡ್ಡು ತಾಗಿದ್ರೂ ಜಾರುತ್ತಂತೆ."

ರತ್ನಾವತಿಯ ಕೈಯಲ್ಲಿದ್ದ ಸೌಟು ಬಾಣಲೆಯಲ್ಲೇ ನಿಂತಿತು. ಹೌದಾ, ಅಂದಳು. ಸೀತಾ ಇನ್ನೇನೋ ಹೇಳಿದರು, ಹಬ್ಬದ ಹೋಳಿಗೆಯ ವಿಚಾರವಿರಬೇಕು, ನಕ್ಕರು, ಲೋಟ ತೊಳೆದುಕೊಂಡು ಹೋದರು. ಅವಳಿಗೆ ಒಂದೂ ಕಿವಿಗೆ ಬೀಳಲಿಲ್ಲ. ಬೆರಳಿನ ಜಿಡ್ಡಿಗೇ ಹಾಗಾದರೆ, ಅವಳು ಬಟ್ಟೆ ಅದ್ದಿ ಅದ್ದಿ ಹಚ್ಚಿದ್ದಳಲ್ಲ.

ಫೋನಿಗೆ ಓಡಿದಳು. ಮಗಳ ಮೊಬೈಲು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ತಮಿಳಿನಲ್ಲಿ ಒಬ್ಬಳು ಹೇಳಿದಳು, ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದಳು. ಸಾಯಿಯದ್ದೂ ಹಾಗೆಯೇ. ವಾಣಿಯಂಬಾಡಿಗೆ ತಿರುಗಿಸಿದಳು.

"ಈಗಷ್ಟೇ ತಿಂಡಿ ತಿಂದು ಹೋದ್ರು ಅತ್ತಿಗೆ. ಖುಷಿಯಲ್ಲಿದ್ರು," ಎಂದ ಸದಾನಂದ.

ಅವನಿಗೆ ಹೇಳಿದಳು. ಅವನ ಮುಂದೆ ಹೇಳಲು ನಾಚಿಕೆಯಾಗಲಿಲ್ಲ, ಅವನು ದೂರದಲ್ಲಿದ್ದ. ಹಬ್ಬದ ಜನರಿಂದ ಹೋಟೆಲು ತುಂಬಿದ್ದರೂ ಸದಾನಂದ, ತಾನೇ ಬೈಕಿನಲ್ಲಿ ಬೆಟ್ಟಕ್ಕೆ ಹೋಗುತ್ತೇನೆ ಅಂದ. "ಎಲ್ಲಿ ಇಳ್ಕೊಂಡಿದ್ದಾರೆ ಅಂತ ಹೇಳಿ, ಸೀದಾ ಅಲ್ಲಿಗೇ ಹೋಗ್ತೆ."

ಅದು ರತ್ನಾವತಿಗೆ ಗೊತ್ತಿರಲಿಲ್ಲ. ಯಾವುದೋ ಗೆಸ್ಟ್‌ಹೌಸ್ ಅಂದಿದ್ದಳು ವೀಕ್ಷಾ, ಹೆಸರು ಕೇಳಿದಾಗಲೆಲ್ಲ ಮಾತು ತಿರುಗಿಸಿದ್ದಳು.

"ಅಲ್ಲಿ ಅಂಥದ್ದು ಎಷ್ಟೋ ಉಂಟು ಅತ್ತಿಗೆ. ನೋಡುವ, ಹುಡುಕ್ತೆ," ಎಂದು ಅವನು ಫೋನಿಟ್ಟ.

ಇನ್ನು ಕಾಯುವುದೊಂದೇ ಉಳಿದದ್ದು. ಗಂಡನಿಗೆ ಹೇಳೋಣವೆಂದರೆ ಹೋಟೆಲಿನಲ್ಲಿ ಯಾರೋ ಫೋನೆತ್ತಿ, ಬಾಬು ಸಾರ್ ಉಗ್ರಾಣದಲ್ಲಿದ್ದಾರೆ ಅಂದರು. ದೇವರ ಮುಂದೆ ನಿಂತಳು, ಏನು ಬೇಡಬೇಕೆಂದೇ ತೋಚಲಿಲ್ಲ. ಆ ದೇವರ ಮುಂದೆಯೇ ತಾನೇ ಎಣ್ಣೆಯ ಬಟ್ಟೆ ಹಿಡಿದು ಕೂತದ್ದು? ಕಣ್ಣು ಮುಚ್ಚಿದರೆ ಸೈಕಲ್ಲು ಬೆಟ್ಟದಿಂದ ಇಳಿಯುತ್ತಿತ್ತು, ಮಗಳು ಬ್ರೇಕು ಹಿಂಡುತ್ತಿದ್ದಳು, ಹಿಂಡುತ್ತಲೇ ಇದ್ದಳು.

ಸೀತಾಗೆ ಹೇಳಬೇಕು ಅನ್ನಿಸಿತು. ಬಾಗಿಲು ತೆರೆದು ಎದುರುಮನೆಗೆ ಹೋದಳು. ಸೀತಾ ಹೂರಣ ರುಬ್ಬುತ್ತಿದ್ದವರು ಕೈ ತೊಳೆದುಕೊಂಡು ಬಂದು, "ಏನ್ರೀ?" ಅಂದರು. ಎಷ್ಟು ನೆಮ್ಮದಿಯ ಮುಖ ಅದು. ಓದಿದ ಹೆಂಗಸು, ಬೆರಳಿಟ್ಟದ್ದಕ್ಕೇ ಮಗನ ಕೈಲಿ ಬೈಸಿಕೊಂಡು ನಕ್ಕವರು. ಅಯ್ಯೋ ಪೆದ್ದೇ, ಬ್ರೇಕಿಗೆ ಯಾರಾದರೂ ಎಣ್ಣೆ ಹಚ್ಚುತ್ತಾರಾ ಅಂದುಬಿಟ್ಟರೆ? ನಾಳೆ ಇಡೀ ಕಟ್ಟಡಕ್ಕೆ ತಿಳಿದರೆ? ಸೈಕಲ್ಲು ಓಡಿಸುವುದು ತನ್ನ ಮಗಳು, ಅನುಭವಿಸುವುದು ತಾನು. ಇವರಿಗೆ ಹೇಳಿ ಆಗುವುದಾದರೂ ಏನು?

"ಹೆಪ್ಪಿಗೆ ಸ್ವಲ್ಪ ಮೊಸರು ಉಂಟಾ ಸೀತಕ್ಕ?" ಎಂದಳು.

ಸೀತಾ ಬಟ್ಟಲಲ್ಲಿ ಮೊಸರು ಕೊಟ್ಟರು. ಅದನ್ನು ಹಿಡಿದುಕೊಂಡು ವಾಪಸು ಬಂದು ರತ್ನಾವತಿ ಫೋನಿನ ಪಕ್ಕ ನೆಲದ ಮೇಲೆ ಕೂತಳು.

ಒಮ್ಮೆ ಸದಾನಂದ ಬೆಟ್ಟದ ಮೇಲಿನ ಬೂತಿನಿಂದ ಮಾತಾಡಿದ. ಕೆರೆಯ ಹತ್ತಿರದ ಗೆಸ್ಟ್‌ಹೌಸುಗಳನ್ನೆಲ್ಲ ನೋಡಿಯಾಯಿತಂತೆ, ಅಲ್ಲಿಲ್ಲವಂತೆ, ಆಚೆ ಹಳ್ಳಿಯ ಕಡೆಗೆ ಹೋಗುತ್ತಾನಂತೆ. ಆಮೇಲೆ ಫೋನು ಸುಮ್ಮನಾಯಿತು. ಬೀದಿಯಲ್ಲಿ ಹಬ್ಬದ ಸದ್ದು ಜೋರಾಗಿತ್ತು, ಕೆಳಗೆ ಯಾರೋ ಲಾರಿಯ ಮುಂದೆ ಬೂದುಗುಂಬಳ ಒಡೆಯುತ್ತಿದ್ದರು. ಒಡೆದ ಸದ್ದಿಗೆ ಅವಳು ಬೆಚ್ಚಿ ಕಿವಿ ಮುಚ್ಚಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಫೋನು ಬಡಿದುಕೊಂಡಿತು.

"ಅಮ್ಮಾ," ವೀಕ್ಷಾಳ ದನಿ. ಅಳುತ್ತಿದ್ದಳು.

"ಬಿದ್ಯಾ? ಎಂತ ಆಯ್ತು? ಎಲ್ಲಿದ್ದಿ?"

"ನಂಗೇನೂ ಆಗಿಲ್ಲ ಮ್ಮಾ. ಸಾಯಿ ಬಿದ್ದ. ಮಂಜು ಕಳೀಲಿ ಅಂತ ತುಂಬ ಹೊತ್ತು ಗೆಸ್ಟ್‌ಹೌಸಲ್ಲೇ ಕೂತಿದ್ವಿ. ಆಮೇಲೆ ಅವನು, ದಾರಿ ಹೆಂಗಿದೆ ಅಂತ ನಾನು ಮೊದಲು ಇಳಿದು ನೋಡ್ತೀನಿ, ಆಮೇಲೆ ನೀನು ಬಾ ಅಂದ. ಬ್ರೇಕೇ ಹಿಡೀಲಿಲ್ಲ ಮ್ಮಾ. ಬಂಡೆಗೆ ಹೋಗಿ ಹೊಡೆದ. ಹೆಲ್ಮೆಟ್ ಎರಡು ತುಂಡಾಗಿದೆ. ಉಸಿರಿದೆ, ಕಣ್ಣು ಬಿಡ್ತಾನೆ, ಆದ್ರೆ ಪೇಚೇ ಇಲ್ಲ, ಮಾತೇ ಆಡ್ತಿಲ್ಲ. ಗೆಸ್ಟ್‌ಹೌಸಿನವರ ಜೀಪಲ್ಲಿ ಶ್ರೀಯಾ ಅವನನ್ನ ಕೆಳಗೆ ಆಸ್ಪತ್ರೆಗೆ ಕರ್ಕೊಂಡು ಹೋದ್ಲು, ನಾನೂ ಹೊರಟೆ. ಸೀತಾ ಆಂಟಿಗೆ ನೀನೇ ಹೇಳಮ್ಮ. ನನಗೆ ಆಗಲ್ಲ."

ರತ್ನಾವತಿಗೆ ಮೊದಲು ಆದದ್ದು ಸಂತೋಷ. ನನ್ನ ಮಗಳು ಉಳಿದಳು ಎಂದು ಮೈಯೆಲ್ಲ ಹಗುರಾಯಿತು, ಕಣ್ಣಲ್ಲಿ ನೀರು ಬಂತು. ಆ ಸಂತೋಷ ಇನ್ನೂ ಎದೆಯಲ್ಲಿರುವಾಗಲೇ ಎದುರುಮನೆಯಿಂದ ಸೀತಾ ಒಬ್ಬಟ್ಟು ತಟ್ಟುವ ಸದ್ದು ಕೇಳಿಸಿತು. ಆಗ ಹಿಡಿಯಿತು ನೋಡಿ ಹೆದರಿಕೆ. ಬದುಕಿಡೀ ಹೆದರಿದ್ದೆಲ್ಲ ಒಟ್ಟು ಸೇರಿದರೂ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

ಫೋನಿಟ್ಟು ಎದುರುಮನೆಗೆ ಹೋದಳು. ಈ ಸಲ ಮೊಸರು ಕೇಳಲಿಲ್ಲ. ಸಾಯಿ ಬಿದ್ದದ್ದು ಹೇಳಿದಳು, ಬ್ರೇಕು ಹಿಡಿಯದಿದ್ದದ್ದು ಹೇಳಿದಳು. ಆ ತಟ್ಟೆಗಳಿಗೆ ಎಣ್ಣೆ ಹಚ್ಚಿದ್ದು ನಾನೇ, ಗೊತ್ತಿಲ್ಲದೆ ಹಚ್ಚಿದೆ ಸೀತಕ್ಕ, ಪೂಜೆಗೆ ಅಂತ ಹಚ್ಚಿದೆ ಎಂದಳು. ಸೀತಾ ಅಳಲಿಲ್ಲ, ಬೈಯಲಿಲ್ಲ. ಒಲೆ ಆರಿಸಿದರು. ಕೈಗೆ ಮೆತ್ತಿದ್ದ ಕಣಕವನ್ನು ಸೆರಗಿಗೇ ಒರೆಸಿಕೊಂಡರು.

"ಯಾವಾಗ ಗೊತ್ತಾಯ್ತು ನಿಮಗೆ?" ಎಂದು ಕೇಳಿದರು.

"ಬೆಳಿಗ್ಗೆ. ನೀವು ಕಾಫಿ ಕುಡೀತಾ ಹೇಳಿದ್ರಲ್ಲ, ಆಗ."

"ಮೊಸರಿಗೆ ಬಂದಾಗ ಗೊತ್ತಿತ್ತಾ?"

ರತ್ನಾವತಿ ಹೌದೆಂದು ತಲೆಯಾಡಿಸಿದಳು.

ಸೀತಾ ಫೋನಿನ ಹತ್ತಿರ ಹೋದರು. ಮೇಲೆ ತೂಗುಹಾಕಿದ್ದ ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಒಂದು ನಂಬರಿತ್ತು. "ಗೆಸ್ಟ್‌ಹೌಸಿಂದು. ನಿಮ್ಮ ವೀಕ್ಷಾನೇ ಬರೆದುಕೊಟ್ಟು ಹೋದ್ಲು. ಅಮ್ಮನಿಗೆ ಕೊಡಬೇಡಿ ಆಂಟಿ, ಗಳಿಗೆಗೊಂದು ಸಲ ಫೋನ್ ಮಾಡಿ ಪ್ರಾಣ ತಿಂತಾರೆ ಅಂದ್ಲು," ಎಂದರು. ದನಿ ಏರಿಸಲಿಲ್ಲ. "ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ರತ್ನಾ."

ಮಗನನ್ನು ಯಾವ ಆಸ್ಪತ್ರೆಗೆ ಒಯ್ದರೆಂದು ಕೇಳಲು ಸೀತಾ ರಿಸೀವರ್ ಎತ್ತಿ ಆ ನಂಬರನ್ನು ಒತ್ತಿದರು. ಮೊದಲ ರಿಂಗಿಗೇ ಆ ಕಡೆಯಿಂದ ಯಾರೋ ಹಲೋ ಅಂದರು.