ಸುಟ್ಟು ನೋಡಿದ್ಯಾ?

ತೀರಿಕೊಂಡ ಅಣ್ಣನಿಗೆ ಒಗೆದ ಶರಟು ತೊಡಿಸಲೆಂದು ಹಳೆಯದನ್ನು ಬಿಚ್ಚುತ್ತಿದ್ದ ಅತ್ತೆ, ಜೇಬಿನಿಂದ ಬೆಂಕಿಪೊಟ್ಟಣ ಹೊರತೆಗೆದು, “ಇದನ್ನೇನ್ ಮಾಡ್ಲೇ ಹುಡುಗಿ?” ಎಂದು ಅಣ್ಣನ ಮಗಳನ್ನು ಕೇಳಿದರು.

“ಹೊಸ ಜೇಬಿಗೆ ಹಾಕಿ. ಅದಿಲ್ದೆ ಅವನು ಬಾಗಿಲು ದಾಟಿದ್ದುಂಟಾ?” ಎಂದ ಬಡಗಿ, ಮೂಗು ಒರೆಸಿಕೊಳ್ಳುತ್ತಲೇ. ಸೋಫಾಗಳಿಗೆ ಚೌಕಟ್ಟು ಮಾಡಿಕೊಡುತ್ತ ಯಜಮಾನನ ಜೊತೆಗೇ ಮುದುಕನಾದವನು ಅವನು.

ಮಗಳು ಪೊಟ್ಟಣವನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು.

ಜನ್ಮದಲ್ಲಿ ಸಿಗರೇಟು ಮುಟ್ಟದ ಮನುಷ್ಯ ಬೆಂಕಿಪೊಟ್ಟಣ ಇಟ್ಟುಕೊಂಡು ತಿರುಗುವುದನ್ನು ಇಡೀ ಬೀದಿ ಆಡಿಕೊಳ್ಳುತ್ತಿತ್ತು. ಅವರ ಕುಶನ್ ಅಂಗಡಿಗೆ ಯಾವ ಬಟ್ಟೆ ಬರಲಿ, ತಂದವನು ಎಷ್ಟೇ ಹೊಗಳಲಿ, ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿಯೇ ತೀರುತ್ತಿದ್ದರು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಕೊಟ್ಟು ತಾನೇ ಆರುತ್ತದೆ. ನಕಲಿಯಾದರೆ ಭಗ್ಗೆಂದು ಹತ್ತಿ, ಕರಗಿ ತೊಟ್ಟಿಕ್ಕುತ್ತದೆ. “ಬಣ್ಣ ಗಿರಾಕಿ ನೋಡ್ಕೊಳ್ಳಲಿ. ಕೂತವನು ಎದ್ದು ಓಡೋಕಾಗ್ದೇ ಹೋದ್ರೆ ಏನ್ ಗತಿ ಅಂತ ನಾವು ನೋಡ್ಬೇಕು” ಎನ್ನುತ್ತಿದ್ದರು.

ವೃದ್ಧಾಶ್ರಮದ ಮೇಲ್ವಿಚಾರಕಿ ಹೂವು ಹಿಡಿದು ಬಂದರು. ಮಗಳ ಕೈ ಹಿಡಿದುಕೊಂಡು, “ಎಂಥಾ ಕುರ್ಚಿ ಮಾಡ್ಕೊಟ್ರಮ್ಮ ನಿಮ್ಮಪ್ಪ! ನಮ್ಮೋರು ಊಟಕ್ಕೂ ಏಳಲ್ಲ ಅಂತಾರೆ. ಕಿಟಕಿ ಹತ್ರ ಒಬ್ರು ತಾತ, ಕದ್ದು ಸಿಗರೇಟು ಸೇದೋರು. ಎಷ್ಟು ಬೈದ್ರೂ ಅಷ್ಟೇ. ಈಗಂತೂ ಸೇದ್ತಾ ಸೇದ್ತಾನೇ ನಿದ್ದೆ ಹೋಗ್ಬಿಡ್ತಾರೆ” ಎಂದು ಅಳುವಿನ ನಡುವೆಯೇ ನಕ್ಕರು.

ಮಗಳಿಗೆ ನಗು ಬರಲಿಲ್ಲ. ಆ ಕುರ್ಚಿಗಳಿಗೆ ಬಟ್ಟೆ ಆರಿಸಿದ್ದು ಅಪ್ಪನಲ್ಲ, ಅವಳು.

* * *

ಅಪ್ಪ ಹಾಸಿಗೆ ಹಿಡಿದ ಮೇಲೆ ಬಂದ ಮೊದಲ ದೊಡ್ಡ ಕೆಲಸ ಅದು. ಇಟ್ಟಿಗೆ ಬಣ್ಣದ ಬಟ್ಟೆಯ ಥಾನು, ಸವರಿದರೆ ಬೆಕ್ಕಿನ ಮರಿಯ ಹಾಗೆ. “ಅಪ್ಪಟ ಉಣ್ಣೆ ಕಣಮ್ಮ” ಎಂದಿದ್ದ ವ್ಯಾಪಾರಿ. ಕುರ್ಚಿಗಳಿಗೆಲ್ಲ ಹೊದಿಸಿ ಮಿಕ್ಕ ತುಂಡಿನಲ್ಲಿ ಅಪ್ಪನ ಬೆನ್ನಿಗೊಂದು ದಿಂಬು ಹೊಲಿದಿದ್ದಳು.

“ಸುಟ್ಟು ನೋಡಿದ್ಯಾ?” ಎಂದು ಕೇಳಿದ್ದರು ಅಪ್ಪ.

“ನೋಡ್ದೆ ಅಪ್ಪ.”

ನೋಡಿರಲಿಲ್ಲ. ಕೆಲಸದ ಗಡಿಬಿಡಿ, ಔಷಧಿಯ ಓಡಾಟ. ಅಪ್ಪ ಅವಳ ಬೆರಳುಗಳನ್ನು ಮೂಗಿನ ಹತ್ತಿರ ಎಳೆದುಕೊಂಡು ಮೂಸಿದರು. ಅವುಗಳಲ್ಲಿ ಸುಟ್ಟ ವಾಸನೆ ಇರಲಿಲ್ಲ.

ಆಮೇಲೆ ಕಾಯಿಲೆ ಹೆಚ್ಚಿ ಅವರ ಮಾತೇ ನಿಂತುಹೋಯಿತು. ಕಳೆದ ವಾರ ಅವಳು ಅಂಗಡಿಯಿಂದ ಬಂದಾಗ ಹಾಸಿಗೆಯೆಲ್ಲ ನೀರು, ಚೊಂಬು ಮಗುಚಿ ಬಿದ್ದಿತ್ತು. ಕಿಟಕಿಯಿಂದ ಏನೋ ಸುಟ್ಟ ವಾಸನೆ ಬರುತ್ತಿದೆ ಅನ್ನಿಸಿತ್ತು. “ನೀರನ್ನಾದ್ರೂ ನೆಟ್ಟಗೆ ಕುಡೀಬಾರ್ದೇನಪ್ಪ?” ಎಂದು ಸಿಡುಕಿದ್ದಳು. ಅಪ್ಪ ದಿಂಬಿನತ್ತ ಕೈ ತೋರಿಸಿ ತೋರಿಸಿ ಸುಸ್ತಾದರು. ಒದ್ದೆಯಾಗಿದೆ ಎನ್ನುತ್ತಿದ್ದಾರೆಂದುಕೊಂಡು ಅವಳು ಅದನ್ನು ತಿರುಗಿಸಿಯೂ ನೋಡದೆ ಮೂಲೆಯ ಸ್ಟೂಲಿನ ಮೇಲೆ ಎಸೆದು ಬೇರೆ ದಿಂಬು ಕೊಟ್ಟಿದ್ದಳು.

* * *

ಅವಳು ಅಪ್ಪನ ಕೋಣೆಗೆ ಹೋದಳು. ದಿಂಬು ಅಲ್ಲೇ ಸ್ಟೂಲಿನ ಮೇಲಿತ್ತು. ಒಂದು ಎಳೆ ಕಿತ್ತು ನೋಡೋಣವೆಂದು ಅವಳು ಅದನ್ನು ಮಗುಚಿದಳು.

ಕಿತ್ತು ನೋಡುವುದೇನೂ ಉಳಿದಿರಲಿಲ್ಲ. ಊಟದ ತಟ್ಟೆಯಷ್ಟಗಲ ಬಟ್ಟೆ ಕರಗಿ, ಒಳಗಿನ ಫೋಮ್ ಕಪ್ಪಾಗಿ ಕುಳಿಬಿದ್ದಿತ್ತು. ಅಂಚಿನಲ್ಲಿ ಗಟ್ಟಿ ಕರೀ ಮಣಿಗಳು. ಮಾತಿಲ್ಲದ ಆ ಮನುಷ್ಯ ಒಬ್ಬರೇ ಕಡ್ಡಿ ಗೀರಿದ್ದರು, ಒಬ್ಬರೇ ಚೊಂಬು ಮಗುಚಿ ಆರಿಸಿದ್ದರು.

ಹಿಂದೆಯೇ ಬಂದ ಅತ್ತೆಗೆ ಎಲ್ಲವನ್ನೂ ಪಿಸುಮಾತಿನಲ್ಲಿ ಹೇಳಿದಳು.

“ಬಾಯ್ಮುಚ್ಚು!” ಅತ್ತೆ ಬಾಗಿಲು ಅರ್ಧ ಮುಚ್ಚಿದರು. “ಊರೋರೆಲ್ಲ ಅವನನ್ನ ಹೊಗಳ್ತಾ ಕೂತಿದ್ದಾರೆ. ಹೆಣ ಎತ್ತೋ ಮುಂಚೆನೇ ಅವನ ಹೆಸರು ಮಣ್ಣುಪಾಲು ಮಾಡ್ತೀಯಾ? ಕುರ್ಚಿಗಳನ್ನ ನಾಳೆ ಹೋಗಿ ತಂದ್ರಾಯ್ತು.”

“ಆ ತಾತ ನಾಳೆವರೆಗೆ ಸೇದ್ದೇ ಇರ್ತಾರಾ ಅತ್ತೆ?”

ಅತ್ತೆ ಬಾಗಿಲಿನಿಂದ ಸರಿದು ನಿಂತರು.

ಅವಳು ದಿಂಬನ್ನು ಹಿಡಿದುಕೊಂಡೇ ನಡುಮನೆಗೆ ಬಂದಳು. “ಮೇಡಂ, ಕುರ್ಚಿ ಬಟ್ಟೆ ನಕಲಿ. ನಾನು ಪರೀಕ್ಷೆ ಮಾಡ್ಲಿಲ್ಲ. ಮಾಡ್ದೆ ಅಂತ ಅಪ್ಪಂಗೆ ಸುಳ್ಳು ಹೇಳ್ದೆ. ಕಿಡಿ ಬಿದ್ರೆ ಹೀಗಾಗುತ್ತೆ, ನೋಡಿ.”

ಮೇಲ್ವಿಚಾರಕಿ ದಿಂಬು ನೋಡಿದವರೇ ಆಶ್ರಮಕ್ಕೆ ಫೋನು ಹಚ್ಚಿದರು. ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದರು, ಆಗಲೂ ಎತ್ತಲಿಲ್ಲ.

ಹೆಣ ಒಯ್ಯಲು ಬಂದಿದ್ದ ಬಡಗಿಯ ಟೆಂಪೋ ಬಾಗಿಲಲ್ಲೇ ನಿಂತಿತ್ತು. “ಮಾಮ, ಮೊದ್ಲು ಕುರ್ಚಿ ತನ್ನಿ” ಎಂದಳು ಅವಳು.

“ಏನಮ್ಮಾ ಹೀಗಂತೀಯ? ನಿಮ್ಮಪ್ಪ...”

“ಅಪ್ಪ ಕಾಯ್ತಾರೆ.”

ಬಡಗಿ ದಿಂಬನ್ನೊಮ್ಮೆ, ಗೆಳೆಯನ ಮುಖವನ್ನೊಮ್ಮೆ ನೋಡಿ ಟೆಂಪೋ ಹತ್ತಿದ. ಮೇಲ್ವಿಚಾರಕಿಯೂ ಹತ್ತಿದರು. ಉಳಿದವರು ಗುಸುಗುಸು ಆರಂಭಿಸಿದರು. ಅವಳು ಯಾರ ಮುಖವನ್ನೂ ನೋಡದೆ ಮೆಟ್ಟಿಲ ಮೇಲೆ ಕೂತಳು. ಬೀದಿಯಲ್ಲಿ ಎಲ್ಲೋ ಒಲೆಯ ಹೊಗೆ ಕಂಡರೂ ಎದ್ದು ನಿಲ್ಲುತ್ತಿದ್ದಳು.

ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಟೆಂಪೋ ತಿರುವಿನಲ್ಲಿ ಕಾಣಿಸಿತು. ಒಂದರ ಮೇಲೊಂದು ಇಟ್ಟಿಗೆ ಬಣ್ಣದ ಕುರ್ಚಿಗಳು. ತೀರಾ ಹಿಂದಿನ ಕುರ್ಚಿಯಲ್ಲಿ ಶಾಲು ಹೊದ್ದು ಒಬ್ಬ ಮುದುಕರು ಕೂತಿದ್ದರು. ಮೇಲ್ವಿಚಾರಕಿ ಅವರ ಭುಜವನ್ನು ಭದ್ರವಾಗಿ ಹಿಡಿದಿದ್ದರು.

“ಏಳಲ್ಲ ಅಂದ್ರು. ಕುರ್ಚಿ ಸಮೇತ ಎತ್ಕೊಂಡು ಬಂದ್ವಿ” ಎಂದ ಬಡಗಿ.

ಅವಳು ಓಡಿಹೋಗಿ ತಾತನ ಕೈ ಹಿಡಿದಳು. ಬೆಚ್ಚಗಿತ್ತು. ಅವರ ತುಟಿಯ ನಡುವೆ ಹಚ್ಚದ ಸಿಗರೇಟೊಂದು ಇತ್ತು. ಅವಳ ಇನ್ನೊಂದು ಕೈಯಲ್ಲಿದ್ದ ಬೆಂಕಿಪೊಟ್ಟಣ ಕಂಡು ಅವರ ಮುಖ ಅರಳಿತು.

“ಒಂದ್ ಕಡ್ಡಿ ಗೀರಮ್ಮ” ಎಂದರು.

ಅವಳ ಮುಷ್ಟಿ ತಾನಾಗಿ ಬಿಗಿಯಿತು. ಪೊಟ್ಟಣ ಒಳಗೇ ಮುರಿದು, ಅಪ್ಪನ ಕಡ್ಡಿಗಳು ಬೆರಳ ಸಂದಿಯಿಂದ ಒಂದೊಂದಾಗಿ ನೆಲಕ್ಕೆ ಉದುರಿದವು.