ಬೂದಿಯೊಳಗೆ ಮಲಗಿದ ಸ್ಟೆಬಿಲೈಸರ್

ಅರಸೀಕೆರೆ ಹತ್ತಿರದ ಗಂಡಸಿ ಊರಿನ ಇಂದುಧರನಿಗೆ ಆಂಧ್ರದ ಗೋದಾವರಿ ತೀರದಲ್ಲಿ, ತೈಲ ಬಾವಿ ಕೊರೆಯುವ ಕಂಪನಿಯೊಂದರಲ್ಲಿ ಕೆಲಸ. ತಿಂಗಳು ದುಡಿದರೆ ತಿಂಗಳು ರಜೆ. 1999ರ ನವೆಂಬರಿನಲ್ಲಿ ಊರಿಗೆ ಬಂದವನು ಮನೆಯ ತೆಂಗಿನ ನಾರು ಬಿಡಿಸುವ ಯಂತ್ರ ಬಿಚ್ಚಿ ನೋಡಿ ಅಚ್ಚರಿಪಟ್ಟ. ಹೋದ ವರ್ಷ ಅರಸೀಕೆರೆಯಲ್ಲಿ ರಿಪೇರಿ ಮಾಡಿಸಿದ್ದ ಹಲ್ಲುಗಳು ಒಂದಿಷ್ಟೂ ಸವೆದಿರಲಿಲ್ಲ. ಮೊದಲೆಲ್ಲ ನಾಲ್ಕು ತಿಂಗಳಿಗೆ ಮೊಂಡಾಗುತ್ತಿದ್ದವು.

ಅವನು ಒಂದು ಹಲ್ಲು ಬಿಚ್ಚಿಕೊಂಡು ಬಸ್ಸು ಹತ್ತಿದ. ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿ ಗಂಗಾಧರಪ್ಪನವರ ವರ್ಕ್‌ಶಾಪ್. ಬೋರ್‌ವೆಲ್ ಕೊರೆಯುವ ತುದಿಯಾದ ಬಿಟ್, ನಾರಿನ ಯಂತ್ರದ ಹಲ್ಲು, ಟ್ರಾಕ್ಟರಿನ ನೇಗಿಲು, ಏನು ಸವೆದರೂ ಸುತ್ತಲಿನ ಹಳ್ಳಿಯವರು ಅಲ್ಲಿಗೇ ತರುತ್ತಿದ್ದರು.

"ಇದನ್ನ ಯಾರು ಮಾಡಿದ್ದು, ಯಜಮಾನ್ರೇ?"

"ಯಾಕಪ್ಪ, ಬಿಟ್ಕೊಂತಾ?"

"ಬಿಟ್ಕೊಳ್ಳೋದಿರಲಿ, ಸವೆದೇ ಇಲ್ಲ!"

ಗಂಗಾಧರಪ್ಪ ನಕ್ಕು ಒಳಗಿನ ಮೂಲೆ ತೋರಿಸಿದರು. ಸಲ್ವಾರಿನ ಮೇಲೆ ಅಪ್ಪನ ಹಳೆಯ ಖಾಕಿ ಅಂಗಿ ತೊಟ್ಟ ಹೆಣ್ಣುಮಗಳೊಬ್ಬಳು ಕಪ್ಪು ಕನ್ನಡಕ ಹಾಕಿ, ಬೋರ್‌ವೆಲ್ ಬಿಟ್ಟಿನ ಮೇಲೆ ಗ್ಯಾಸ್ ಜ್ವಾಲೆ ಹಿಡಿದಿದ್ದಳು. ಹೆಸರು ಲತಾಮಣಿ. ರೈಲ್ವೆ ಗ್ಯಾಂಗ್‌ಮನ್ ಆಗಿದ್ದ ಸಣ್ಣಯ್ಯನ ಮಗಳು. ಹಾಸನದ ಐಟಿಐನಲ್ಲಿ ವೆಲ್ಡಿಂಗ್ ಕಲಿತ ಬ್ಯಾಚಿನಲ್ಲಿ ಅವಳೊಬ್ಬಳೇ ಹುಡುಗಿ. ಟಂಗ್‌ಸ್ಟನ್ ಕಾರ್ಬೈಡ್ ಎಂಬ, ಕಲ್ಲಿಗೂ ಜಗ್ಗದ ಗಟ್ಟಿ ಪುಡಿ ತುಂಬಿದ ಕಡ್ಡಿಯನ್ನು ಕರಗಿಸಿ ಕಬ್ಬಿಣದ ಮೇಲೆ ಹೊದಿಕೆ ಕೊಡುವುದರಲ್ಲಿ ಅವಳ ಕೈ ಪಳಗಿತ್ತು.

ಇಂದುಧರ ತನ್ನ ಕಷ್ಟ ಹೇಳಿಕೊಂಡ. ಕೊರೆಯುವ ಕೊಳವೆ ಬಾವಿಯೊಳಗೆ ಅತ್ತಿತ್ತ ವಾಲದಂತೆ ನಡುನಡುವೆ ಸ್ಟೆಬಿಲೈಸರ್ ಎಂಬ ಸಾಧನ ಜೋಡಿಸುತ್ತಾರೆ. ಆಳೆತ್ತರದ ದಪ್ಪ ಉಕ್ಕಿನ ಕೊಳವೆ, ಮೈಮೇಲೆ ಮೂರು ಉಬ್ಬಿದ ಪಟ್ಟಿಗಳು. ಅಲ್ಲಿನ ಮರಳುಗಲ್ಲಿಗೆ ಆ ಪಟ್ಟಿಗಳು ಒಂದೇ ಬಾವಿಗೆ ಸವೆದು ಹೋಗುತ್ತಿದ್ದವು.

"ನಮ್ಮ ಕಂಪನಿಗೆ ಹೇಳಿ ಒಂದನ್ನ ಕಳಿಸ್ತೀನಿ. ಮಾಡಿ ನೋಡ್ತೀರಾ?" ಎಂದ.

"ಕಳಿಸಿ. ಅದೂ ಕಬ್ಬಿಣಾನೇ ತಾನೆ?" ಎಂದಳು ಲತಾಮಣಿ.

ಡಿಸೆಂಬರ್ ಕೊನೆಯಲ್ಲಿ ಸ್ಟೆಬಿಲೈಸರ್ ಲಾರಿಯಲ್ಲಿ ಬಂತು. ಚೈನ್ ಪುಲ್ಲಿ ಕಟ್ಟಿ ಇಳಿಸಬೇಕಾಯಿತು. ಲತಾಮಣಿ ಅದರ ಸುತ್ತ ಒಂದು ಸುತ್ತು ಬಂದಳು. ಅಷ್ಟು ದೊಡ್ಡ ಉಕ್ಕಿನ ಮೇಲೆ ಅವಳು ಎಂದೂ ಕೈಯಿಟ್ಟಿರಲಿಲ್ಲ. ಆದರೂ ಮೂರು ದಿನ ಕೂತು, ಒಂದೊಂದೇ ಪಟ್ಟಿಗೆ ಹೊದಿಕೆ ಕೊಟ್ಟು ಮುಗಿಸಿದಳು. ಕೆಲಸ ನೋಡಲು ಅಂದವಾಗಿತ್ತು. ಆದರೆ ಅವಳು ಜ್ವಾಲೆ ಆರಿಸಿ ಕೂತಾಗ, ತೆರೆದ ಬಾಗಿಲಿನಿಂದ ಚಳಿಗಾಳಿ ಬೀಸಿ, ಉಕ್ಕು "ಟಿಕ್" ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ "ಟಿಕ್". ಲತಾಮಣಿ ಸುತ್ತ ನೋಡಿದಳು. ಬೇರಾರೂ ಕೇಳಿಸಿಕೊಂಡಿರಲಿಲ್ಲ. ಅವಳೂ ಸುಮ್ಮನಾದಳು.

ವಾರದ ನಂತರ ಕಂಪನಿಯ ತಪಾಸಣೆ ಎಂಜಿನಿಯರ್ ಶಶಿಕಿರಣ್ ಬಂದ. ಬೆಂಗಳೂರಿನವನು, ಮೂವತ್ತರ ಆಸುಪಾಸು, ಕೈಯಲ್ಲಿ ಸಣ್ಣ ಪೆಟ್ಟಿಗೆ. ಹೊದಿಕೆಯ ಮೇಲೆಲ್ಲ ಕೆಂಪು ದ್ರವ ಬಳಿದ, ಕಾದ, ಚೆನ್ನಾಗಿ ಒರೆಸಿದ. ಆಮೇಲೆ ಬಿಳಿ ಪುಡಿ ಸಿಂಪಡಿಸಿದ. "ಬಿರುಕು ಇದ್ರೆ ಒಳಗೆ ಇಳಿದಿರೋ ಕೆಂಪು ಮೇಲೆ ಬರುತ್ತೆ" ಎಂದು ವಿವರಿಸಿದ.

ಬಂತು. ಬಿಳಿಯ ಮೇಲೆ ಕೆಂಪು ಗೆರೆಗಳು ಒಂದು, ಎರಡು, ಆರು. ಗಂಗಾಧರಪ್ಪನವರ ಮುಖ ಸಪ್ಪಗಾಯಿತು.

"ಕೂದಲೆಳೆ ಬಿರುಕಾಗಿದ್ರೆ ಒಪ್ಕೋತಿದ್ದೆ, ಸಾರ್. ಇವು ಕೆಳಗಿನ ಉಕ್ಕಿನ ತನಕ ಹೋಗಿವೆ. ಬಾವಿಯೊಳಗೆ ಮುರಿದರೆ ದೊಡ್ಡ ಅನಾಹುತ" ಎಂದ ಶಶಿಕಿರಣ್. ದನಿಯಲ್ಲಿ ಕೊಂಕಿರಲಿಲ್ಲ, ಬೇಸರವಿತ್ತು.

"ನಂಗೆ ಗೊತ್ತಿತ್ತು," ಎಂದಳು ಲತಾಮಣಿ. ಇಬ್ಬರೂ ತಿರುಗಿ ನೋಡಿದರು. "ಆವತ್ತೇ ಟಿಕ್ ಅಂದಿದ್ದು ಕೇಳಿಸ್ತು. ಹೇಳಕ್ಕೆ ನಾಚಿಕೆ ಆಯ್ತು, ಸುಮ್ನಿದ್ದೆ. ತಪ್ಪು ನಂದೇ."

ಗಂಗಾಧರಪ್ಪ ಬೈಯಲಿಲ್ಲ. ಪಕ್ಕದ ಸ್ಟೂಲು ಎಳೆದು, "ಕೂತ್ಕೊ ಮಗಾ. ಯಾಕಂಗಾಯ್ತು, ಅದನ್ನ ಹೇಳು ಮೊದ್ಲು" ಎಂದರು.

ಅವಳು ಹೇಳಿದಳು. ಚಳಿಗಾಲದ ಬೆಳಗ್ಗೆ ಮಾಡಿದ ಬೋರ್‌ವೆಲ್ ಬಿಟ್ಟುಗಳು ಆಗಾಗ ಬಿರಿಯುತ್ತಿದ್ದವು, ಬೇಸಿಗೆಯ ಮಧ್ಯಾಹ್ನ ಮಾಡಿದವು ಎಂದೂ ಬಿರಿದಿರಲಿಲ್ಲ. ಮೇಲಿನ ಹೊದಿಕೆ ಕುದಿಯುವಾಗ ಒಳಗಿನ ಉಕ್ಕು ತಣ್ಣಗಿದ್ದರೆ ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಮೊದಲೇ ಇಡೀ ಉಕ್ಕನ್ನು ಕಾಯಿಸಬೇಕು. ಕೆಲಸ ಮುಗಿದ ಮೇಲೆ ಗಾಳಿ ತಾಗಿಸದೆ ನಿಧಾನವಾಗಿ ಆರಿಸಬೇಕು.

"ಪುಸ್ತಕದಲ್ಲೂ ಅದೇ ಇದೆ," ಎಂದ ಶಶಿಕಿರಣ್. "ಆದರೆ ಇಷ್ಟು ದೊಡ್ಡದನ್ನ ಕಾಯಿಸೋಕೆ ಫರ್ನೆಸ್ ಬೇಕಲ್ವಾ?"

"ಕರಟ ಐತಲ್ಲ, ಸಾರ್!" ಎಂದಳು ಲತಾಮಣಿ.

ಶಶಿಕಿರಣ್ ಕಣ್ಣರಳಿಸಿದ. ಇನ್ನೊಂದು ಸಲ ನೋಡೋಣ ಎಂದು ನಾಲ್ಕು ದಿನ ಉಳಿಯಲು ಒಪ್ಪಿದ. ಪೆಟ್ಟಿಗೆಯಿಂದ ಸೀಮೆಸುಣ್ಣದಂಥ ಎರಡು ಕಡ್ಡಿ ತೆಗೆದುಕೊಟ್ಟ. ಉಕ್ಕಿಗೆ ಉಜ್ಜಿದಾಗ ಕರಗಿದರೆ ಕಾವು ಸರಿಯಾಗಿದೆ ಎಂದರ್ಥ.

ಹಳೆಯ ಹೊದಿಕೆಯನ್ನು ಬಿರುಕಿನ ಸಮೇತ ಉಜ್ಜಿ ತೆಗೆಯಲು ಒಂದು ದಿನ ಹಿಡಿಯಿತು. ಅಷ್ಟರಲ್ಲಿ ಗಂಗಾಧರಪ್ಪ ತಮ್ಮದೇ ಕೊಬ್ಬರಿ ಮಂಡಿಯಿಂದ ಚೀಲಗಟ್ಟಲೆ ತೆಂಗಿನ ಕರಟ ತರಿಸಿದರು. ಹಾರನಹಳ್ಳಿಯ ಇಟ್ಟಿಗೆ ಗೂಡಿನಿಂದ ಒಂದು ಟೆಂಪೊ ಬೂದಿ ಬಂತು. ಲತಾಮಣಿಯ ತಾಯಿ ಮುನಿಯಮ್ಮ ಮೊರ, ಜರಡಿ ಹಿಡಿದು ಬಂದು ಬೂದಿಯನ್ನೆಲ್ಲ ಸೋಸಿ, ಬಾಣಲೆಯಲ್ಲಿ ಹುರಿದು ಬಿಸಿ ಮಾಡಿಟ್ಟಳು. ಹಿತ್ತಲಲ್ಲಿ ಗುಂಡಿ ತೋಡಿ, ಕರಟದ ಕೆಂಡದ ಮೇಲೆ ಸ್ಟೆಬಿಲೈಸರನ್ನು ಉರುಳಿಸುತ್ತಾ ಕಾಯಿಸಿದರು. ಉಜ್ಜಿದ ಕಡ್ಡಿ ಬೆಣ್ಣೆಯಂತೆ ಕರಗಿತು. ನಡುವೆ ಉಕ್ಕು ಆರಬಾರದೆಂದು, ತಗಡಿನ ಮರೆ ಕಟ್ಟಿಕೊಂಡು ಲತಾಮಣಿ ಈ ಸಲ ಇಡೀ ದಿನ ಬಿಡದೆ ಜ್ವಾಲೆ ಹಿಡಿದಳು. ಕೆಳಗಿನ ಕಾವಿಗೆ ಮುಖ ಬೇಯುತ್ತಿತ್ತು. ಗಂಗಾಧರಪ್ಪ ಗಳಿಗೆಗೊಮ್ಮೆ ಮಜ್ಜಿಗೆ ತಂದು, ಅವಳು ಒಂದೇ ಗುಟುಕಿಗೆ ಕುಡಿದು ಕೊಟ್ಟ ಲೋಟ ಹಿಡಿದುಕೊಂಡು ಅಲ್ಲೇ ನಿಲ್ಲುತ್ತಿದ್ದರು. ಮೂರನೆಯ ಪಟ್ಟಿ ಮುಗಿಯುತ್ತಲೇ ಎಲ್ಲರೂ ಸೇರಿ ಅದನ್ನು ಬಿಸಿಬೂದಿಯಲ್ಲಿ ಹೂತರು.

"ಇನ್ನು ಎರಡು ದಿನ ಯಾರೂ ಮುಟ್ಟಂಗಿಲ್ಲ," ಎಂದಳು ಲತಾಮಣಿ.

ಮರುದಿನ ಬೆಳಗ್ಗೆಯೇ ಶಶಿಕಿರಣ್ ಗುಂಡಿಯ ಹತ್ತಿರ ಸುಳಿದಾಡತೊಡಗಿದ. ಒಂದು ತುದಿಯ ಬೂದಿ ಸರಿಸಿ ನೋಡೋಣ ಎಂದು ಬಗ್ಗಿದವನಿಗೆ, ಪಕ್ಕದಲ್ಲೇ ಚಾಪೆ ಹಾಸಿ ಕೂತಿದ್ದ ಮುನಿಯಮ್ಮ ಜರಡಿ ಅಡ್ಡ ಹಿಡಿದಳು.

"ಬಾಣಂತಿ ಕ್ವಾಣೆ ಇದ್ದಂಗೆ ಸಾಮಿ ಇದು. ಗಾಳಿ ಸೋಕಬಾರ್ದು. ಆ ಕಡೀಗೆ ಹೋಗಿ."

"ಸ್ವಲ್ಪ ಇಣುಕಿ ನೋಡ್ತೀನಿ ಅಮ್ಮ, ಅಷ್ಟೇ."

"ಇಣುಕಂಗೂ ಇಲ್ಲ!"

ಗಂಗಾಧರಪ್ಪ ನಗು ತಡೆಯಲಾರದೆ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹಳೇಬೀಡಿಗೆ ಹೊರಟರು. ದೇವಸ್ಥಾನ ತೋರಿಸಿದರು, ಬಸ್ತಿಹಳ್ಳಿಯ ಬಸದಿಗಳನ್ನು ತೋರಿಸಿದರು, ಅದೂ ಸಾಲದೆ ಬೇಲೂರಿಗೂ ಕರೆದೊಯ್ದರು. ಬಸದಿಯ ನುಣುಪು ಕಂಬಗಳಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾ ಶಶಿಕಿರಣ್ ಕೇಳಿದ ಪ್ರಶ್ನೆ ಒಂದೇ: "ಈಗ ಆರಿರುತ್ತಾ, ಸಾರ್?"

ಮೂರನೆಯ ದಿನ ಬೂದಿ ತೋಡಿದರು. ಉಕ್ಕು ಮುಂಜಾನೆಯ ಒಲೆಯಷ್ಟು ಬೆಚ್ಚಗಿತ್ತು. ಪೂರಾ ಆರುವವರೆಗೆ ಕಾದು ಕೆಂಪು ಬಳಿದರು, ಒರೆಸಿದರು, ಬಿಳಿ ಸಿಂಪಡಿಸಿದರು. ಲತಾಮಣಿ ನೋಡಲಾರದೆ ಬಾಗಿಲ ಕಡೆ ಮುಖ ಮಾಡಿ ನಿಂತಳು. ಹತ್ತು ನಿಮಿಷ ಕಳೆಯಿತು. ಬಿಳಿ ಬಿಳಿಯಾಗಿಯೇ ಉಳಿಯಿತು.

"ತಿರುಗಿ ನೋಡಿ ಮೇಡಂ," ಎಂದ ಶಶಿಕಿರಣ್. ಅಲ್ಲಿಯವರೆಗೆ ಯಾರೂ ಅವಳನ್ನು ಮೇಡಂ ಎಂದಿರಲಿಲ್ಲ.

ಮುನಿಯಮ್ಮ ಸೆರಗಿನಿಂದ ಮಗಳ ಮುಖದ ಬೂದಿ ಒರೆಸಲು ಹೋಗಿ ಇನ್ನಷ್ಟು ಮೆತ್ತಿದಳು. ಗಂಗಾಧರಪ್ಪ ಇಡೀ ಬೀದಿಗೆ ಮೈಸೂರುಪಾಕ್ ಹಂಚಿದರು. ಯಾಕೆಂದು ಕೇಳಿದವರಿಗೆಲ್ಲ ಸ್ಟೆಬಿಲೈಸರ್ ಎಂದರೇನೆಂದು ವಿವರಿಸಿ ಸುಸ್ತಾದರು.

ಜೂನ್ ತಿಂಗಳಲ್ಲಿ ಇಂದುಧರ ಬಾವಿ ಕೊರೆಯುವ ಗೋಪುರದ, ಅಂದರೆ ರಿಗ್ಗಿನ ಹತ್ತಿರದಿಂದ ಫೋನು ಮಾಡಿದ. ಹಿಂದೆ ಯಂತ್ರದ ಗದ್ದಲ, ಕಿರುಚಿ ಮಾತಾಡಬೇಕಿತ್ತು. "ಮೂರು ಬಾವಿ ಆಯ್ತು ಕಣಮ್ಮ! ಇನ್ನೂ ಗಟ್ಟಿಯಾಗೈತೆ. ನಾಲ್ಕನೇದಕ್ಕೂ ಅದನ್ನೇ ಇಳಿಸ್ತಿದೀವಿ. ಇಲ್ಲಿನ ವೆಲ್ಡರುಗಳಿಗೆ ನೀನೇ ಬಂದು ಕಲಿಸಬೇಕಂತೆ. ಶಶಿಕಿರಣ್ ಸಾರ್ ಹೇಳಿದಾರೆ."

ಲತಾಮಣಿ ತಾಯಿಯನ್ನು ಜೊತೆ ಮಾಡಿಕೊಂಡು ರೈಲು ಹತ್ತಿದಳು. ರಿಗ್ಗು ತೆಂಗಿನ ತೋಟಗಳ ನಡುವೆ ಇತ್ತು. ಅದನ್ನು ಕಂಡು ಮುನಿಯಮ್ಮ, "ಇಷ್ಟು ದೂರ ಬಂದು ಮತ್ತೆ ತೆಂಗಿನ ಮರಾನೇ ನೋಡ್ಬೇಕಾ?" ಎಂದು ಗೊಣಗಿದಳು. ಐವರು ತೆಲುಗು ವೆಲ್ಡರುಗಳು ಕೈಕಟ್ಟಿ ಅನುಮಾನದಿಂದ ನಿಂತಿದ್ದರು. ಲತಾಮಣಿಗೆ ತೆಲುಗು ಬಾರದು. ಅವಳು ಖಾಕಿ ಅಂಗಿ ತೊಟ್ಟು, ಕಾದ ಉಕ್ಕಿನ ಮೇಲೆ ಒಂದು ಗೇಣು ಹೊದಿಕೆ ಹಾಕಿ ತೋರಿಸಿ, ಗ್ಯಾಸ್ ಜ್ವಾಲೆಯ ಟಾರ್ಚನ್ನು ಅವರಲ್ಲೇ ಹಿರಿಯನ ಕೈಗೆ ಕೊಟ್ಟಳು. ಅವನ ಕೈ ಅವಸರ ಮಾಡಿದಾಗ ಮೆಲ್ಲಗೆ ಮಣಿಕಟ್ಟು ಹಿಡಿದು ತಡೆದಳು. ಸಂಜೆಯ ಹೊತ್ತಿಗೆ ಐವರೂ ಸರದಿಗಾಗಿ ಕಿತ್ತಾಡುತ್ತಿದ್ದರು.

ಮೂರು ದಿನಕ್ಕೆಂದು ಹೋದವಳು ಒಂಬತ್ತು ದಿನ ಉಳಿದಳು. ಹಿಂತಿರುಗಿ ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದಾಗ ಗಂಗಾಧರಪ್ಪ ಪ್ಲಾಟ್‌ಫಾರಂ ಮೇಲೆ ಕಾಯುತ್ತಿದ್ದರು.

"ಬಂದ್ಯಾ ಮಗಾ? ಹೆಂಗೈತೆ ಆ ರಿಗ್ಗು?"

"ನಮ್ಮ ಟೆಲಿಫೋನ್ ಟವರ್‌ಗಿಂತ ಎತ್ತರ, ಯಜಮಾನ್ರೇ," ಎಂದು ಶುರು ಮಾಡಿದ ಲತಾಮಣಿ ವರ್ಕ್‌ಶಾಪ್ ಮುಟ್ಟುವವರೆಗೂ ಮಾತು ನಿಲ್ಲಿಸಲಿಲ್ಲ.