ಮೊದಲ ಸಾಲಿನ ಆರನೇ ಕೊಡೆ

ರೆಜೀನಾ ಹೋಟೆಲಿನ ಬೀಚಿನಲ್ಲಿ ಮೊದಲ ಸಾಲಿನ ಆರನೇ ಕೊಡೆ ನಮ್ಮದು. ನಮ್ಮದು ಅಂದರೆ ನಮ್ಮಜ್ಜ ಅಜ್ಜಿಯದು. ನಲವತ್ತೊಂದು ವರ್ಷ, ಜುಲೈ ತಿಂಗಳ ಮೊದಲ ಎರಡು ವಾರ, ಇಬ್ಬರೂ ಇಟಲಿಯ ತೂರಿನ್‌ನಿಂದ ರೈಲಿನಲ್ಲಿ ಕಡಲತೀರದ ಅಲಾಸ್ಸಿಯೊಗೆ ಬಂದು, ಅದೇ ಮೂವತ್ತೊಂದನೇ ರೂಮಿನಲ್ಲಿ ಇಳಿದುಕೊಂಡು, ಅದೇ ಕೊಡೆಯ ಕೆಳಗೆ ಕೂರುತ್ತಿದ್ದರು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ. ಹೋಟೆಲಿಗೆ ನೂರಿಪ್ಪತ್ತು ವರ್ಷ, ಈ ಪದ್ಧತಿಗೂ ಹೆಚ್ಚುಕಮ್ಮಿ ಅಷ್ಟೇ ವಯಸ್ಸು. ಎಲ್ಲಿಯವರೆಗೆ ಬರುತ್ತೀರೋ ಅಲ್ಲಿಯವರೆಗೆ ಜಾಗ ನಿಮ್ಮದು. ಒಂದು ವರ್ಷ ತಪ್ಪಿಸಿದಿರೋ, ಹಿಂದಿನ ಸಾಲಿನವರು ಮುಂದಕ್ಕೆ ಬರುತ್ತಾರೆ.

ಫೆಬ್ರವರಿಯಲ್ಲಿ ಅಜ್ಜ ಹೋದರು. ಅಪ್ಪ "ಈ ವರ್ಷ ಬೇಡಮ್ಮ" ಅಂದ. "ನಾನು ಹೋಗ್ದಿದ್ರೆ ಜಾಗ ಹೋಯ್ತು ಅಂತಾನೇ" ಅಂದಳು ಅಜ್ಜಿ. ನನ್ನ ಪರೀಕ್ಷೆ ಮುಗಿದಿತ್ತು. ಜೊತೆಗೆ ಹೋಗು ಅಂದರು, ಹಾರಿಕೊಂಡೇ ಹೋದೆ. ಹಕ್ಕಿ ಪಂಜರದಂಥ ಲಿಫ್ಟು, ಕಾಲಿರುವ ಅಮೃತಶಿಲೆಯ ಸ್ನಾನದ ತೊಟ್ಟಿ, ಕಿಟಕಿ ತೆಗೆದರೆ ನೇರ ಸಮುದ್ರ. ಪುಕ್ಕಟೆ ಸಿಕ್ಕರೆ ಯಾರು ಬಿಡುತ್ತಾರೆ?

ಮೊದಲ ದಿನ ಅಜ್ಜಿ ಕೊಡೆ ಕೆಳಗೆ ಹತ್ತೇ ನಿಮಿಷ ಕೂತಳು. ಪಕ್ಕದ ಕುರ್ಚಿ ನೋಡಿದಳು. ಎದ್ದು ರೂಮಿಗೆ ಹೋದಳು.

"ಬಿಸಿಲು ಜಾಸ್ತಿ ನೊಎಮಿ. ನೀನು ಕೂತಿರು. ಕುರ್ಚಿ ಖಾಲಿ ಬಿಡ್ಬೇಡ."

"ಅಜ್ಜಿ, ಕೊಡೆ ಇರೋದೇ ಬಿಸಿಲಿಗೆ ಅಲ್ವಾ?"

"ಬಾಯಿ ಮುಚ್ಕೊಂಡು ಕೂತ್ಕೋ ಹೋಗು."

ಮೂರು ದಿನ ಹೀಗೇ ನಡೆಯಿತು. ಅವಳು ಕಿಟಕಿ ಬಾಗಿಲು ಮುಚ್ಚಿಕೊಂಡು ಮೇಲೆ, ನಾನು ಕಾವಲುಗಾರ್ತಿಯ ಹಾಗೆ ಕೆಳಗೆ. ನಮ್ಮ ಬೆನ್ನ ಹಿಂದೆ, ಎರಡನೇ ಸಾಲಿನಲ್ಲಿ, ಪಿಯೆರಾ ಆಂಟಿ ಮತ್ತು ಅವರ ಗಂಡ ಅರ್ಮಾಂದೊ ಅಂಕಲ್. ಹತ್ತೊಂಬತ್ತು ವರ್ಷದಿಂದ ಆರನೇ ಕೊಡೆಯ ಸರದಿ ಕಾಯುತ್ತಿರುವವರು. ಆದರೂ ಒಂದು ಸಲವೂ ಬಾಯಿಬಿಟ್ಟು ಕೇಳಿದವರಲ್ಲ.

ನಾಲ್ಕನೇ ದಿನ ಪಿಯೆರಾ ಆಂಟಿ ಅಜ್ಜಿಯ ಆರೋಗ್ಯ ವಿಚಾರಿಸಲು ಬಂದರು. ಸುಡುವ ಮರಳಿನ ಮೇಲೆ ಒಂದು ಕಾಲು ಎತ್ತಿ ಇನ್ನೊಂದು ಊರಿ ನಿಂತಿದ್ದರು. ನನಗೆ ಪಾಪ ಅನ್ನಿಸಿತು.

"ಕೂತ್ಕೊಳ್ಳಿ ಆಂಟಿ, ಕುರ್ಚಿ ಖಾಲಿ ಇದೆಯಲ್ಲ."

"ಕೂರ್ಲಾ? ನಿಜವಾಗ್ಲೂ?"

"ಅಯ್ಯೋ, ಕೂತ್ಕೊಳ್ಳಿ."

ಅವರು ಅಜ್ಜನ ಕುರ್ಚಿಯ ತುದಿಯಲ್ಲಿ ಕೂತರು. ನಾನು ಐಸ್‌ಕ್ರೀಂ ತರುತ್ತೇನೆಂದು ಹೋದವಳು ಯಾರೋ ಹುಡುಗಿಯರ ಜೊತೆ ಹರಟೆಗೆ ಬಿದ್ದು ಒಂದು ಗಂಟೆ ಬಿಟ್ಟು ಬಂದೆ. ನೋಡಿದರೆ, ಬೀಚಿನ ಕೊಡೆ-ಕುರ್ಚಿ ನೋಡಿಕೊಳ್ಳುವ ಆಳು ನಾನ್ನಿ ಪಿಯೆರಾ ಆಂಟಿಯ ಚೀಲ, ಟವಲ್ಲು ಎಲ್ಲವನ್ನೂ ಮೊದಲ ಸಾಲಿಗೆ ತಂದಿಟ್ಟಿದ್ದ. ಮೂರನೇ ಸಾಲಿನ ನೊವಾರಾ ಡಾಕ್ಟರು ಎರಡನೆಯದಕ್ಕೆ ಬಂದಿದ್ದರು. ಅವರ ಹಿಂದಿನವರು ಮೂರನೆಯದಕ್ಕೆ. ಆರನೇ ಕೊಡೆಯ ಹಿಂದಿದ್ದ ಇಡೀ ಬೀಚು ಒಂದು ಸಾಲು ಮುಂದೆ ಸರಿದಿತ್ತು!

"ನಾನ್ನಿ, ಏನಿದು?"

"ನೀವೇ ಕೂರಿಸಿದ್ರಂತಲ್ಲ ಪುಟ್ಟಮ್ಮ. ಇಲ್ಲಿ ಕೂತ್ಕೊಳ್ಳಿ ಅಂದ್ರೆ ಬಿಟ್ಕೊಟ್ಟೆ ಅಂತ. ನಿಮ್ಮಜ್ಜಿ ಹೇಳಿರ್ಲಿಲ್ವಾ?"

ನಾನು ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಓಡಿದೆ. ಅಷ್ಟರಲ್ಲಿ ಸೂಪು ತಂದ ಹೆಂಗಸು ಅಜ್ಜಿಗೆ ಸುದ್ದಿ ಮುಟ್ಟಿಸಿಯಾಗಿತ್ತು. ಅಜ್ಜಿ ಕನ್ನಡಿ ಮುಂದೆ ನಿಂತು ಮುತ್ತಿನ ಸರ ಹಾಕಿಕೊಳ್ಳುತ್ತಿದ್ದಳು.

"ಅಜ್ಜಿ, ನನಗೆ ಗೊತ್ತಿರ್ಲಿಲ್ಲ, ದೇವರಾಣೆಗೂ..."

"ನಿಮ್ಮಪ್ಪನ ಮಗಳು ನೀನು. ಕೊಕ್ಕೆ ಹಾಕು."

ಊಟದ ಕೋಣೆಯಲ್ಲಿ ಅಜ್ಜಿ ಕಾಲಿಟ್ಟ ಕೂಡಲೇ ಚಮಚಗಳ ಸದ್ದು ನಿಂತಿತು. ಅವಳು ನಮ್ಮ ಟೇಬಲ್ ದಾಟಿ ಸೀದಾ ಪಿಯೆರಾ ಆಂಟಿಯ ಟೇಬಲ್ಲಿಗೆ ಹೋಗಿ ಕುರ್ಚಿ ಎಳೆದುಕೊಂಡಳು. ಜಗಳ ಶುರುವಾಯಿತು ಅಂದುಕೊಂಡೆ.

ಪಿಯೆರಾ ಆಂಟಿ ಎದ್ದೇ ನಿಂತರು. "ಅಕ್ಕಾ, ಹುಡುಗಿ ಗೊತ್ತಿಲ್ದೆ ಅಂದಿದ್ದು ಅಂತ ನನಗೂ ಅನ್ನಿಸ್ತು. ಆದ್ರೂ ಕೂತೆ. ಒಂದು ಗಂಟೆ ಕೂತಿದ್ರೂ ಕಾಲು ಚಾಚೋಕೆ ಮನಸ್ಸೇ ಬರ್ಲಿಲ್ಲ. ಈಗ್ಲೇ ವಾಪಸ್ ಹೋಗ್ತೀವಿ."

"ಕೂತ್ಕೋ ಪಿಯೆರಾ. ನಾನು ಅರ್ಮಾಂದೊ ಹತ್ರ ಮಾತಾಡೋಕೆ ಬಂದಿದ್ದು."

ಅರ್ಮಾಂದೊ ಅಂಕಲ್ ಬಾಯಲ್ಲಿದ್ದ ಮೀನನ್ನು ಅವಸರದಲ್ಲಿ ನುಂಗಿದರು.

"ನೀನು ಹತ್ತೊಂಬತ್ತು ವರ್ಷ ನನ್ನ ಗಂಡನ ಹಿಂದೆ ಕೂತಿದ್ದೀಯ. ಒಂದು ಮಾತು ಕೇಳ್ತೀನಿ, ಸಮಾಧಾನ ಮಾಡೋಕೆ ಅಂತ ಸುಳ್ಳು ಹೇಳ್ಬೇಡ. ಮೊದಲ ದಿನ ಪಕ್ಕದ ಕುರ್ಚಿ ಖಾಲಿ ನೋಡಿ ನನಗೆ ಅಳು ಬರ್ಲಿಲ್ಲ. ಅವರಿದ್ದಾಗ್ಲೂ ಅದು ಖಾಲಿನೇ ಇತ್ತಲ್ಲ ಅನ್ನಿಸ್ತು. ಯಾವಾಗ ನೋಡಿದ್ರೂ ಪೇಪರು. ಈಜಿ ಬಂದು ಟವಲ್ ಕೊಡಿ ಅಂದ್ರೂ ತಲೆ ಎತ್ತುತ್ತಿರ್ಲಿಲ್ಲ. ಅಂಥಾ ಜಾಗಕ್ಕೆ ನಾನು ಯಾಕೆ ಕಾವಲು ಕೂರಿಸಿದ್ದೀನಿ ಹೇಳು?"

ಅಜ್ಜಿ ಮೂರು ದಿನ ಮೇಲೆ ಕೂತು ಇದನ್ನೇ ಯೋಚಿಸುತ್ತಿದ್ದಳೆಂದು ನನಗೆ ಆಗಲೇ ಗೊತ್ತಾಗಿದ್ದು.

ಅರ್ಮಾಂದೊ ಅಂಕಲ್ ನ್ಯಾಪ್ಕಿನ್ನಿನಿಂದ ಬಾಯಿ ಒರೆಸಿಕೊಂಡರು.

"ಅಕ್ಕಾ, ನಿಮ್ಮ ಓಸ್ವಾಲ್ದೊ ಅವರ ಬುರುಡೆ ನನಗೆ ನನ್ನ ಅಂಗೈ ಥರ ಗೊತ್ತು. ಅದು ಬಿಟ್ರೆ ಬೇರೇನೂ ಕಾಣ್ತಿರ್ಲಿಲ್ವಲ್ಲ! ನೀವು ನೀರಿಗೆ ಇಳಿಯೋ ತನಕ ಓದ್ತಿದ್ರು, ನಿಜ. ಇಳಿದ್ರೋ, ಪೇಪರು ತೊಡೆ ಮೇಲೆ. ನೀವು ಎಡಕ್ಕೆ ಹೋದ್ರೆ ಬುರುಡೆ ಎಡಕ್ಕೆ, ಬಲಕ್ಕೆ ಹೋದ್ರೆ ಬಲಕ್ಕೆ. ಅಲೆ ಮರೇಲಿ ನೀವು ಕಾಣ್ದೆ ಹೋದ್ರೆ ಎದ್ದು ನಿಲ್ಲೋರು. ಕೂತ್ಕೊಳ್ಳಿ ಸ್ವಾಮಿ, ನಮಗೂ ಸಮುದ್ರ ಬೇಕು ಅಂತ ಎಷ್ಟು ಸಲ ರೇಗಿಸಿದ್ದೀನಿ."

"ಸುಳ್ಳು. ನಾನು ಬಂದಾಗೆಲ್ಲ ಮುಖ ಪೇಪರ್ ಒಳಗೇ ಇರ್ತಿತ್ತು."

"ನೀವು ಬರೋದು ಕಂಡ್ಮೇಲೇ ಎತ್ಕೊಳ್ತಿದ್ದಿದ್ದು. ಒಂದ್ಸಲ ತಲೆಕೆಳಗಾಗಿ ಹಿಡ್ಕೊಂಡಿದ್ರು. ಪಿಯೆರಾನ ಕೇಳಿ."

ಪಿಯೆರಾ ಆಂಟಿ ತಲೆಯಾಡಿಸಿದರು. ಅಜ್ಜಿ ಅವರ ತಟ್ಟೆಯಿಂದಲೇ ಒಂದು ಚೂರು ಬ್ರೆಡ್ಡು ತೆಗೆದು, ತಿನ್ನದೆ, ಬೆರಳಲ್ಲಿ ಪುಡಿ ಮಾಡತೊಡಗಿದಳು. ನನಗೇನು ಮಾಡಬೇಕೋ ತಿಳಿಯದೆ ಅವಳ ಭುಜದ ಮೇಲೆ ಕೈಯಿಟ್ಟೆ.

"ಮುದುಕ" ಅಂದಳು ಕೊನೆಗೆ. "ನನ್ನ ಹತ್ರ ಹೇಳೋಕೆ ಏನಾಗಿತ್ತು ಅವನಿಗೆ."

ಆಮೇಲೆ ಮೂಗು ಒರೆಸಿಕೊಂಡು, ಪಕ್ಕದ ಟೇಬಲಿನ ನೊವಾರಾ ಡಾಕ್ಟರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ಆರನೇ ಕೊಡೆ ಇನ್ನು ಪಿಯೆರಾಂದು. ಈ ಹುಡುಗಿ ಕೊಟ್ಟಿದ್ದಲ್ಲ, ನಾನು ಕೊಟ್ಟಿದ್ದು. ಪಿಯೆರಾಳ ಜಾಗ ನನಗೆ. ಮಿಕ್ಕೋರೆಲ್ಲ ನಿಮ್ಮ ನಿಮ್ಮ ಸಾಲಿಗೆ ನಡೀರಿ."

"ಈಗ ಯಾಕಕ್ಕಾ? ಇಷ್ಟು ಕೇಳಿದ್ಮೇಲೂ ಬಿಟ್ಕೊಡ್ತೀರಾ?" ಅಂದರು ಪಿಯೆರಾ ಆಂಟಿ.

"ಅಲ್ಲಿ ಏನಾದ್ರೂ ಇತ್ತಾ ಅಂತ ತಿಳೀದೆ ಬಿಡೋಕಾಗ್ತಿರ್ಲಿಲ್ಲ. ಇತ್ತಂತೆ. ಇನ್ನು ಬಿಡಬಹುದು."

ಮರುದಿನ ಬೆಳಿಗ್ಗೆ ಅಜ್ಜಿ ಎರಡನೇ ಸಾಲಿನಲ್ಲಿ ಚೀಲ ಇಟ್ಟು, ಬಿಳಿ ಟೋಪಿ ಹಾಕಿಕೊಂಡು, ನೀರಿಗೆ ಇಳಿದಳು. ಇಪ್ಪತ್ತು ನಿಮಿಷ ನಾನು ಆ ಟೋಪಿ ಬಿಟ್ಟು ಬೇರೇನೂ ನೋಡಲಿಲ್ಲ. ಬಂದವಳು ನೀರು ತೊಟ್ಟಿಕ್ಕಿಸುತ್ತಾ ಎದುರು ನಿಂತಳು.

"ನೋಡಿದ್ಯಾ?"

"ನೋಡ್ದೆ."

"ಹೇಗಿತ್ತು?"

"ನಿಜ ಹೇಳ್ಲಾ ಅಜ್ಜಿ? ನಿನಗೆ ಈಜೋಕೇ ಬರಲ್ಲ. ನಾಯಿಮರಿ ಥರ ಕೈಕಾಲು ಬಡೀತೀಯ."

ಅಜ್ಜಿ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಭುಜ ಕುಲುಕುವುದು ಬಹಳ ಹೊತ್ತು ನಿಲ್ಲಲಿಲ್ಲ. ಪಿಯೆರಾ ಆಂಟಿ ಗಾಬರಿಯಾಗಿ ಹಿಂದೆ ತಿರುಗಿ ನೋಡಿದರು.